ನಿನ್ನೆ ಓದಿದ ಪುಟ

ಸಂಜೆಯಾದರೆ ಟೀಚರ್ ಪಾಠದ ಪುಟವೊಂದರ ಫೋಟೊ ತೆಗೆದು ಐದನೇ ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದರು. ಮಕ್ಕಳು ಅದನ್ನು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕಳಿಸಬೇಕು. ಅವರಲ್ಲಿ ಒಬ್ಬ ಹುಡುಗಿ ಕಳಿಸುತ್ತಿದ್ದ ಓದು ನೀರು ಹರಿದಂತೆ ಇರುತ್ತಿತ್ತು. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ಮಾತ್ರ, ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ತಡವರಿಸುತ್ತಿದ್ದಳು.

ರೇಗಿ ಹೋದ ಟೀಚರ್ ಅವಳ ತಾಯಿಯನ್ನು ಕರೆಸಿಯೇಬಿಟ್ಟರು.

"ಪಕ್ಕದಲ್ಲಿ ಕೂತು ಯಾರೋ ಹೇಳ್ಕೊಡ್ತಾರೆ. ಇವಳು ಗಿಣಿ ಥರ ಒಪ್ಪಿಸ್ತಾಳೆ. ಯಾರಮ್ಮ ಅದು?"

"ಮನೇಲಿರೋದು ನಾವಿಬ್ರೇ ಮಿಸ್. ನಂಗೆ ಓದಕ್ಕೇ ಬರಲ್ಲ."

"ಮತ್ತೆ ಫೋನಲ್ಲಿ ಬರೋ ಓದು ಇಲ್ಲಿ ಯಾಕೆ ಬರಲ್ಲ? ಕಳ್ಳಾಟ ಬಿಡೋವರ್ಗೂ ಎರಡನೇ ಕ್ಲಾಸಲ್ಲಿ ಕೂರಿಸ್ತೀನಿ!"

ತಾಯಿ ಮಗಳ ರಟ್ಟೆ ಹಿಡಿದು ಅಲುಗಾಡಿಸಿದಳು. "ಬಾಯ್ಬಿಡೇ!"



ಟೀಚರ್ ಪುಸ್ತಕ ತೆರೆದು ಹುಡುಗಿಯ ಮುಂದೆ ಕುಕ್ಕಿದರು. "ನಿನ್ನೆ ಓದಿ ಕಳಿಸಿದ್ದೀಯಲ್ಲ, ಅದೇ ಪುಟ. ಓದು ಈಗ."

ಹುಡುಗಿ ಮೂಗು ತಾಗುವಷ್ಟು ಬಾಗಿದಳು. ಕಣ್ಣು ಕಿರಿದು ಮಾಡಿದಳು. ಆಮೇಲೆ ಆ ಕಾಗದದ ಮೇಲೆ ಎರಡು ಬೆರಳು ಕೂಡಿಸಿಟ್ಟು, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳುವ ಹಾಗೆ, ಮೆಲ್ಲನೆ ಅಗಲಿಸಿದಳು.