ಚಾಪೆ ಎತ್ತುವ ಹೊತ್ತು

"ಹಂದಿ! ಮುಖ ತೋರಿಸೋ ಯೋಗ್ಯತೆ ಇಲ್ಲ ಅಂತ ಚಾಪೆ ಹೊದ್ಕೊಂಡು ಬಂದಿದೀಯಾ?"

ಉಪದೇಶಿ ಪೆಸಮಿನೊ ಹೀಗೆ ಕೂಗಿದಾಗ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಅರ್ಧ ಊರು ಅವನ ಅಂಗಳದಲ್ಲಿತ್ತು. ಬಿಳಿ ಟೋಪಿಯ ಹೆಂಗಸರು ಕಿಸಕ್ಕನೆ ನಕ್ಕರು. ಕೇದಗೆ ಎಳೆಯ ದೊಡ್ಡ ಚಾಪೆಯಡಿ, ಹರಳುಗಲ್ಲಿನ ಮೇಲೆ ಮಂಡಿಯೂರಿದ್ದ ಇಯೋಲು ಹಲ್ಲು ಕಚ್ಚಿದ. ಪಕ್ಕದಲ್ಲೇ ಮಂಡಿಯೂರಿದ್ದ ಅವನ ದೊಡ್ಡಪ್ಪ, ಮನೆತನದ ಹಿರಿಯ ತುಯಿಲೊಮ, ತೊಡೆ ಚಿವುಟಿ ಪಿಸುಗುಟ್ಟಿದ: "ಬಾಯಿ ಬಿಟ್ಟೀಯ ಮತ್ತೆ. ಬೈಯೋದು ಅವರ ಹಕ್ಕು."

ಹಕ್ಕೇ ಸರಿ. ಕ್ರಿಕೆಟ್ಟಿನಲ್ಲಿ ಔಟು, ಔಟಲ್ಲ ಅಂತ ಶುರುವಾದ ಜಗಳದಲ್ಲಿ ಅಲ್ಲಿನ ಆಟದ ಮೂರು ಮುಖದ ದಾಂಡು ಬೀಸಿ ಉಪದೇಶಿಯ ಮಗ ಲಫಾಯೆಲೆಯ ದವಡೆ ಮುರಿದವನು ಇಯೋಲುವೇ. ತಪ್ಪು ಮಾಡಿದವರು ಮನೆಯ ಅತಿ ಹಳೆಯ, ಅತಿ ಬೆಲೆಬಾಳುವ ಚಾಪೆ ಹೊದ್ದು ನೊಂದವರ ಬಾಗಿಲಲ್ಲಿ ಮಂಡಿಯೂರಬೇಕು. ಮುಂದೆ ಒಂದು ಹೊರೆ ಸೌದೆ, ಒಂದು ಬುಟ್ಟಿ ಕಲ್ಲು ಇಡಬೇಕು. ಮನಸ್ಸು ಬಂದರೆ ನಮ್ಮನ್ನೇ ಹಂದಿಯ ಹಾಗೆ ಕಾದ ಕಲ್ಲಿನ ಒಲೆಯಲ್ಲಿ ಸುಟ್ಟುಕೊಳ್ಳಿ ಅಂತ. ನೊಂದವರು ಬಂದು ಚಾಪೆ ಎತ್ತಿದರೆ ಅಲ್ಲಿಗೆ ಎಲ್ಲ ಮುಗಿಯಿತು. ಸಂಜೆ ಪ್ರಾರ್ಥನೆಯ ಶಂಖ ಊದುವುದರೊಳಗೆ ಎತ್ತದಿದ್ದರೆ ಇಡೀ ಮನೆತನ ಊರು ಬಿಡಬೇಕು ಅಂತ ಊರ ಹಿರಿಯರು ಹೇಳಿಯಾಗಿತ್ತು. ಮನೆ, ತೋಟ, ಮನೆ ಮುಂದೆಯೇ ಮಲಗಿರುವ ಅಜ್ಜಂದಿರ ಗೋರಿ, ಎಲ್ಲ ಬಿಟ್ಟು.

"ಎತ್ತಿಬಿಡಪ್ಪ, ಬಿಸಿಲು ಕಾಯ್ತಾ ಇದೆ," ಅಂದಳು ಒಬ್ಬ ಮುದುಕಿ.

"ಎತ್ತದೆ ಏನಜ್ಜಿ? ಇವತ್ತು ದೈವ ಕರುಣೆಯ ಭಾನುವಾರ." ಉಪದೇಶಿಯ ದನಿ ಜೇನಾಯಿತು. "ಆದ್ರೆ ಆಪಿಯಾ ಪಟ್ಟಣದಿಂದ ಫಾದರ್ ಹೊರಟಿದ್ದಾರೆ. ಅವರು ಬರಲಿ. ಕರುಣೆ ಅಂದ್ರೆ ಕಂಡೋರು ಕಲಿಯೋ ಹಾಗಿರಬೇಕು. ಲೇ ಹುಡುಗ್ರಾ, ಒಲೆಗೆ ಸೌದೆ ಸಾಲದು ಅಂತಿದ್ರಲ್ಲ? ಇಗೋ, ಚೆನ್ನಾಗಿ ಒಣಗಿದೆ. ಆ ಕಲ್ಲೂ ಒಯ್ಯಿರಿ."

ತಮ್ಮನ್ನು ಸುಡಲೆಂದು ತಂದ ಸೌದೆ ಚಟಪಟ ಉರಿಯುವುದು ಇಯೋಲುವಿಗೆ ಕೇಳಿಸಿತು. ಆಮೇಲೆ ಹಂದಿಯ ತೊಗಲು ಸುಡುವ ವಾಸನೆ, ಬಾಳೆಯೆಲೆ ಬಾಡುವ ವಾಸನೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮನೆಯೊಳಗೆ ಜಪಸರ ಶುರುವಾಯಿತು. ಉಪದೇಶಿ "ಕರುಣೆ ತೋರು ಪ್ರಭುವೇ" ಅಂದರೆ ಊರೆಲ್ಲ "ಕರುಣೆ ತೋರು" ಅನ್ನುತ್ತಿತ್ತು. ಎಂಥ ಕಂಠ! ಸ್ವರ್ಗಕ್ಕೆ ಮುಟ್ಟುವ ಕಂಠ. ಬಾಗಿಲಾಚೆ ತಿದಿಯ ಹಾಗೆ ಏಳುತ್ತಿದ್ದ ಮುದುಕ ತುಯಿಲೊಮನ ಉಸಿರು ಮಾತ್ರ ಆ ಕಂಠದ ಯಜಮಾನನ ಕಿವಿಗೆ ಮುಟ್ಟಲಿಲ್ಲ.

"ಎದ್ದುಬಿಡೋಣ ದೊಡ್ಡಪ್ಪ. ನಿಮ್ಗೇನಾದ್ರೂ ಆದ್ರೆ?"

"ಎದ್ರೆ ಸತ್ತ ಮೇಲೆ ಮಲಗೋಕೂ ಜಾಗ ಇರಲ್ಲ ಕಣೋ."

ಅಷ್ಟರಲ್ಲಿ ಚಾಪೆಯ ಅಂಚು ಸರಿದು ಒಂದು ಎಳನೀರು ಒಳಗೆ ಬಂತು, ಸ್ಟ್ರಾ ಸಮೇತ. ಮುದುಕ ಹೀರಿದ, ಇಯೋಲು ಹೀರಿದ. ಆಮೇಲೆ ಬೆಳಕು ರಪ್ಪನೆ ಕಣ್ಣಿಗೆ ಹೊಡೆಯಿತು. ಚಾಪೆ ಎತ್ತಿ ಹಿಡಿದು ಲಫಾಯೆಲೆ ನಿಂತಿದ್ದ. ದವಡೆಗೆ ತಂತಿ ಬಿಗಿದು ತಲೆ ಸುತ್ತ ಬಟ್ಟೆ ಕಟ್ಟಿದ್ದರು. ಮುಖ ದೀವಿಹಲಸಿನ ಹಾಗೆ ಊದಿತ್ತು. ಮಾತಾಡಲಾರ, ಅಗಿಯಲಾರ, ದವಡೆ ಮುರಿದಾಗಿನಿಂದ ಅವನ ಊಟವೆಲ್ಲ ಆ ಸ್ಟ್ರಾದಲ್ಲೇ. ಅವನು ಮುದುಕನ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿದ.

ಜಪ ನಿಂತಿತು. ಉಪದೇಶಿ ಜಪಮಣಿ ಹಿಡಿದುಕೊಂಡೇ ಓಡಿಬಂದ.

"ಯಾರೋ ಹೇಳಿದ್ದು ನಿನಗೆ? ಫಾದರ್ ಇನ್ನೂ ಬಂದಿಲ್ಲ! ಹಾಕೋ ಚಾಪೆ, ಹಾಕು!"

ಲಫಾಯೆಲೆ ಕದಲಲಿಲ್ಲ.

"ಮುರಿದಿದ್ದು ನಿನ್ನ ದವಡೆ ಇರಬಹುದು. ಹೋಗಿದ್ದು ನನ್ನ ಮರ್ಯಾದೆ. ಕ್ಷಮಿಸೋಕೆ ನೀನ್ಯಾವನೋ?" ಮಗನ ಕೈಯಿಂದ ಚಾಪೆ ಕಿತ್ತುಕೊಂಡು ಮುದುಕನ ಕಡೆ ತಿರುಗಿದ. "ತುಯಿಲೊಮ, ದೊಡ್ಡವರು ನೀವು, ನಿಮಗೆ ಹೇಳಬೇಕಾ? ಇದು ಲೆಕ್ಕಕ್ಕಿಲ್ಲ. ಇನ್ನೊಂಚೂರು ಹೊತ್ತು ಕೂತ್ಕೊಳ್ಳಿ. ಊರಲ್ಲಿ ಇರೋ ಮನಸ್ಸಿದ್ರೆ."

ಮುದುಕ ಮತ್ತೆ ಮಂಡಿಯೂರಿದ. ಮೊದಲಿನ ಹರಳುಗಳು ಇನ್ನೂ ಅವನ ಮಂಡಿಯ ರಕ್ತಕ್ಕೆ ಅಂಟಿಕೊಂಡಿದ್ದವು. ದೊಡ್ಡಪ್ಪ ಕೂತ ಮೇಲೆ ಇಯೋಲುವೂ ಕೂತ. ಕರುಣಾಳು ಉಪದೇಶಿ ತಾನೇ ಚಾಪೆ ಹೊದಿಸಿ, ಅಂಚಿನ ಕೆಂಪು ಗರಿಗಳನ್ನು ಒಪ್ಪವಾಗಿ ಜೋಡಿಸಿದ.

ಹೊತ್ತು ಇಳಿಯುವಾಗ ಫಾದರ್ ಜೀಪು ಬಂತು. ಪೆಸಮಿನೊ ಅಂಗಿಯ ಗುಂಡಿ ಹಾಕಿಕೊಂಡು, ಇಲ್ಲದ ಕಣ್ಣೀರು ಒರೆಸಿಕೊಂಡು, ಎರಡೂ ಕೈಯಲ್ಲಿ ಚಾಪೆ ಎತ್ತಿದ.

"ತೀರ್ಪು ಕೊಡಬೇಡಿ ಅಂದಿದ್ದಾರೆ ನಮ್ಮ ಪ್ರಭು. ಇವನ ತಪ್ಪು ಎಣಿಸೋಕೆ ನಾನ್ಯಾರು ಫಾದರ್?"

ಹೆಂಗಸರು ಮೂಗು ಸೀಟಿದರು. ಫಾದರ್ ಶಿಲುಬೆಯ ಗುರುತು ಹಾಕಿ ಆಶೀರ್ವದಿಸಿದರು. ಹಿರಿಯರು ತಲೆಯಾಡಿಸಿದರು: ಮುಗಿಯಿತು, ಮನೆತನ ಉಳಿಯಿತು. ದೂರದಲ್ಲಿ ಶಂಖ ಮೊಳಗಿತು.

"ಹೇಳಪ್ಪ ಇಯೋಲು," ಉಪದೇಶಿ ಹಂದಿಯ ಜಿಡ್ಡಿನ ಕೈಯನ್ನು ಅವನ ಹೆಗಲ ಮೇಲಿಟ್ಟ. "ಫಾದರ್ ಮುಂದೆ, ಎಲ್ಲರಿಗೂ ಕೇಳೋ ಹಾಗೆ ಹೇಳು. ನಿನ್ನನ್ನ ಕ್ಷಮಿಸಿದ್ದು ಯಾರು?"

ಇಯೋಲು ದೊಡ್ಡಪ್ಪನನ್ನು ನೋಡಿದ. ಮುದುಕನ ಕಣ್ಣು ಬೇಡ, ಬೇಡ ಅಂತಿತ್ತು. ಅವನು ಹೆಗಲ ಮೇಲಿನ ಕೈಯನ್ನು ಇಳಿಸಿದ. ಬಗ್ಗಿ, ಹರಳಿನ ಮೇಲೆ ಬಿದ್ದಿದ್ದ ಖಾಲಿ ಎಳನೀರಿನ ಬುರುಡೆಯನ್ನೂ ಸ್ಟ್ರಾವನ್ನೂ ಎತ್ತಿಕೊಂಡ.

"ಪಾಪ, ಮಾತೇ ಹೊರಡ್ತಿಲ್ಲ ಹುಡುಗನಿಗೆ," ಅಂತ ಉಪದೇಶಿ ಫಾದರಿಗೆ ಹೇಳುತ್ತಿದ್ದ.

ಇಯೋಲು ಸ್ಟ್ರಾವನ್ನು ಅಂಗಿಯ ತುದಿಯಿಂದ ಒರೆಸುತ್ತ ಒಲೆಯ ಕಡೆ ನಡೆದ. ಅವನನ್ನು ಸುಡಬೇಕಿದ್ದ ಕಲ್ಲುಗಳ ನಡುವೆ ಹಂದಿ ಹೊಂಬಣ್ಣಕ್ಕೆ ಬೆಂದಿತ್ತು. ಅದರಾಚೆ, ತಿನ್ನಲಾರದ ಒಬ್ಬನೇ ಒಬ್ಬ ಬೇರೆಯಾಗಿ ನಿಂತಿದ್ದ.