ಅಜ್ಜಿ ಹೇಳಿದ ಹಸಿರು

ಅಜ್ಜಿ ಮೊಮ್ಮಗಳ ತೋರುಬೆರಳು ಹಿಡಿದು ಮೊದಲ ಬಟ್ಟಲಲ್ಲಿ ಅದ್ದಿದಳು, ಆಮೇಲೆ ಎರಡನೆಯದರಲ್ಲಿ. ನೆಲಕ್ಕೆ ಹಾಸಿದ ಹಳೆಯ ಪೇಪರಿನ ಮೇಲೆ ಎರಡನ್ನೂ ಗಿರಗಿರನೆ ಕಲಸಿ, "ನೋಡೇ ಪುಟ್ಟಕ್ಕಾ, ಹಳದಿ ಹೋಯ್ತು, ನೀಲಿ ಹೋಯ್ತು, ಹಸಿರು ಹುಟ್ಟಿತು!" ಎಂದು ಚಪ್ಪಾಳೆ ತಟ್ಟಿದಳು.

ನಾಲ್ಕು ವರ್ಷದ ಪುಟ್ಟಕ್ಕ ನಗಲಿಲ್ಲ. ಪೇಪರಿನ ಮೇಲೆ ಹುಟ್ಟಿದ್ದು ಕಿತ್ತಳೆ.

ದಿನವೂ ಪುಟ್ಟಕ್ಕ ಹೆಸರು ಹೇಳಿ ಬಾಟಲಿ ಕೊಡುವಳು, ಅಜ್ಜಿ ಸುರಿದು ಸಾಲಾಗಿ ಇಡುವಳು: ಹಳದಿ, ನೀಲಿ, ಕೆಂಪು. ಆ ಸಾಲೇ ಅಜ್ಜಿಯ ಕಣ್ಣು. ಇಂದು ರಜೆಯೆಂದು ಮನೆಯಲ್ಲಿದ್ದ ಮಗಳು, ಪುಟ್ಟಕ್ಕನ ಅಮ್ಮ, ತಾನೇ ಬಣ್ಣ ಸುರಿದು, ಕೆಂಪನ್ನು ನಡುವೆ ಇಟ್ಟು ಅಡುಗೆಮನೆಗೆ ಹೋಗಿದ್ದಳು. ಕೊಟ್ಟ ದೇವರು ಬಣ್ಣಗಳನ್ನು ಒಂದೊಂದಾಗಿ ವಾಪಸು ತೆಗೆದುಕೊಳ್ಳುತ್ತ ಬಂದು, ಅಜ್ಜಿಗೆ ಬರೀ ಬೂದಿಯನ್ನು ಉಳಿಸಿದ್ದ. ಕಣ್ಣಿನ ನರ ಬತ್ತಿದೆ, ಹೋದದ್ದು ಬಾರದು ಎಂದು ವೈದ್ಯರು ಹೇಳಿದ್ದನ್ನು ಅವಳು ಯಾರ ಕಿವಿಗೂ ಹಾಕಿರಲಿಲ್ಲ. ಪುಟ್ಟಕ್ಕನಿಗೆ ಮಾತ್ರ ಹೇಳದೆಯೇ ಗೊತ್ತಿತ್ತು. ರಸ್ತೆ ದಾಟುವಾಗ ಕೈ ಜಗ್ಗಿ, "ಕೆಂಪು ಬಂತಜ್ಜಿ, ನಿಲ್ಲು" ಅನ್ನುವವಳು ಅವಳೇ.

ಮಗಳು ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. "ಏನ್ ನಡೀತಿದೆ ಗುರು-ಶಿಷ್ಯರದ್ದು? ಇದ್ಯಾವ ಬಣ್ಣ ಪುಟ್ಟಕ್ಕಾ?"

ಪುಟ್ಟಕ್ಕ ಅಜ್ಜಿಯ ಮುಖ ನೋಡಿದಳು. ಮೊನ್ನೆ ಹಾಲಿನ ಪಾತ್ರೆ ಉರುಳಿದಾಗ ಅಮ್ಮ ಆಡಿದ ಮಾತು ಅವಳಿಗೂ ಕೇಳಿಸಿತ್ತು: "ಅಮ್ಮಾ, ಕಣ್ಣು ಸರಿಯಿಲ್ದಿದ್ರೆ ಹೇಳ್ಬಿಡು. ಇವಳನ್ನ ಶಿಶುವಿಹಾರಕ್ಕೆ ಹಾಕ್ತೀನಿ, ನೀನು ಹೋಗಿ ಅಣ್ಣನ ಮನೇಲಿರು."

"ಹಸಿರು," ಎಂದಳು ಪುಟ್ಟಕ್ಕ.

"ಕೋತಿ! ಸರಿಯಾಗಿ ನೋಡಿ ಹೇಳೇ."

"ಹಸಿರೇ."

ಮಗಳು ಕೆಂಪು ಬಟ್ಟಲನ್ನೇ ಎತ್ತಿ ಹಿಡಿದಳು. "ಹಾಗಾದ್ರೆ ಇದು?"

"ನೀಲಿ."

ಮಗಳ ನಗು ಅಲ್ಲೇ ಆರಿತು. ಬಟ್ಟಲು ಕೆಳಗಿಟ್ಟು ಪುಟ್ಟಕ್ಕನ ಎದುರು ಕೂತಳು. "ಅಯ್ಯೋ, ಇವರಪ್ಪನಿಗೂ ಹೀಗೇ, ಕೆಂಪು ಹಸಿರು ತಿಳಿಯಲ್ಲ. ಇದಕ್ಕೂ ಅದೇ ಕಣ್ಣು ಬಂತಾ? ಹಗಲೆಲ್ಲ ಜೊತೇಲಿರ್ತೀಯಲ್ಲಮ್ಮಾ, ನಿಂಗೆ ಗೊತ್ತೇ ಆಗ್ಲಿಲ್ವಾ?"

ಸತ್ಯ ಅಜ್ಜಿಯ ಗಂಟಲವರೆಗೆ ಬಂತು. ಅದರ ಹಿಂದೆಯೇ ಮಗನ ಮನೆಯ ಹಿಂಬದಿಯ ಕೋಣೆಯೂ ಬಂತು, ಪುಟ್ಟಕ್ಕನಿಲ್ಲದ ಉದ್ದನೆಯ ಮಧ್ಯಾಹ್ನಗಳೂ ಬಂದವು. ದೇವರೇ, ಮಾತು ನೀನೇ ಆಡಿಸು ಎಂದು ಬಾಯಿ ತೆರೆದಳು.

"ಮಕ್ಕಳು... ಏನೋ ಆಟಕ್ಕೆ ಹೇಳ್ತಾವೆ ಬಿಡೇ."

"ಆಟ ಅಲ್ಲಮ್ಮ ಇದು." ಮಗಳು ಆಗಲೇ ಫೋನು ಹಿಡಿದು ಎದ್ದಿದ್ದಳು. ಪಕ್ಕದ ಕೋಣೆಯಿಂದ, ನಾಳೆ ಬೆಳಿಗ್ಗೆಯೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕೆಂದು ಯಾರನ್ನೋ ಅಂಗಲಾಚುವ ದನಿ ಕೇಳಿಸಿತು. ನಡುನಡುವೆ ಆ ದನಿ ಒಡೆಯುತ್ತಿತ್ತು.

ಪುಟ್ಟಕ್ಕ ಅಜ್ಜಿಯ ಮಡಿಲೇರಿ, ಹಸಿಬಣ್ಣದ ಕೈಗಳಿಂದಲೇ ಕುತ್ತಿಗೆ ಬಳಸಿ ಕಿವಿಗೆ ಬಾಯಿಟ್ಟಳು.

"ಡಾಕ್ಟರ್ ಸೂಜಿ ಚುಚ್ಚಿದ್ರೂ ನಾನು ಹೇಳಲ್ಲ ಅಜ್ಜಿ. ಹಸಿರು ಅಂತಾನೇ ಅಂತೀನಿ."