ಕಾಲೇಜಿಗೆ ಕೂತ ಗಡ್ಡ

"ಅಯ್ಯೋ, ನನ್ನ ಗಡ್ಡ!"

ಕ್ಷೌರದಂಗಡಿಯ ಬಾಗಿಲಲ್ಲಿ ನಿಂತು ಹೀಗೆ ಕೂಗಿದವಳು ಎದುರಿನ ಕಲಾ ಕಾಲೇಜಿನ ಹುಡುಗಿ. ಮೊಣಕೈವರೆಗೂ ಜೇಡಿಮಣ್ಣು. ಕುರ್ಚಿಯಲ್ಲಿದ್ದ ಮುದಿ ಹಮಾಲಿ ನುಣ್ಣಗಾದ ಗಲ್ಲ ಸವರಿಕೊಂಡು ಪೆಚ್ಚಾಗಿ ನಕ್ಕ. ಅವನ ಬಿಳಿ ಗಡ್ಡ ನೆಲದ ಮೇಲೆ ಬೆಕ್ಕಿನ ಮರಿಯಂತೆ ಮುದುಡಿ ಬಿದ್ದಿತ್ತು.

ಕ್ಷೌರಿಕ ಕತ್ತರಿ ಕೆಳಗಿಟ್ಟು ಹಣೆ ಬಡಿದುಕೊಂಡ. ಆ ಬೀದಿಯಲ್ಲಿ ಕಾಲೇಜಿಗೆ ಕೂರದ ಮುಖವೇ ಇರಲಿಲ್ಲ. ಹಾಲಿನವನು, ಅಂಚೆಯವನು, ಬ್ಯಾಂಕ್ ಮ್ಯಾನೇಜರನ ತಾಯಿ, ಎಲ್ಲರೂ ಯಾವುದೋ ಒಂದು ಮಧ್ಯಾಹ್ನ ಮುಖ ನೋಡಿ ಚಿತ್ರ, ಮೂರ್ತಿ ಮಾಡುವ ಆ ಕಾಲೇಜಿನ ಮಕ್ಕಳೆದುರು ಸ್ಟೂಲಿನ ಮೇಲೆ ಅಲುಗಾಡದೆ ಕೂತು ಬಂದವರೇ. ಬಂದ ಮೇಲೆ ಅವರ ಕಣ್ಣೇ ಬೇರೆಯಾಗುತ್ತಿತ್ತು. ಹಾಲಿನವನು ಕ್ಯಾನು ಕೆಳಗಿಟ್ಟು, "ನೆರಳು ಕಪ್ಪಲ್ಲ ಸ್ವಾಮಿ, ನೀಲಿ. ಸರಿಯಾಗಿ ನೋಡಿ," ಎಂದು ಗಿರಾಕಿಗಳೊಡನೆ ವಾದಕ್ಕೆ ನಿಲ್ಲುತ್ತಿದ್ದ. ಮ್ಯಾನೇಜರನ ತಾಯಿಯಂತೂ ಸೊಸೆಯ ಮೂಗು ಬಹಳ ಲಕ್ಷಣವಾಗಿದೆ ಎಂದು ಮೊತ್ತಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದರು. ಹಾಗಾಗಿ ಕತ್ತರಿ ಎತ್ತುವ ಮೊದಲು "ಕಾಲೇಜಿಗೆ ಕೂತಿದ್ದೀರಾ?" ಎಂದು ಕೇಳುವುದು ಅಂಗಡಿಯ ನಿಯಮ. ಇವತ್ತು, ಇವತ್ತೊಂದೇ ದಿನ, ಕೇಳಲು ಮರೆತಿದ್ದ.

"ಮೊಮ್ಮಗಳು ಹುಟ್ಟಿದಾಳಮ್ಮ," ಎಂದ ಹಮಾಲಿ. "ಮುತ್ತು ಕೊಡೋಕೆ ಹೋದ್ರೆ ಗಡ್ಡ ಚುಚ್ಚಿ ಕಿಟಾರನೆ ಕಿರುಚ್ತಾಳೆ. ಅದೇ ಗುಂಗಲ್ಲಿ ಬಂದು ಕೂತುಬಿಟ್ಟೆ. ನಿನ್ನ ಪರೀಕ್ಷೆ ನೆನಪೇ ಆಗ್ಲಿಲ್ಲ ನೋಡು."

ಹುಡುಗಿಯ ಮುಖ ಸಡಿಲಾಯಿತು. "ಇನ್ನು ಪಾಪು ಅಳಲ್ಲ ಬಿಡಿ ತಾತ," ಎಂದವಳು ಬಾಗಿಲ ಚೌಕಟ್ಟಿಗೆ ಒರಗಿ ತಾನೇ ಅಳತೊಡಗಿದಳು. ಸೋಮವಾರ ಪರೀಕ್ಷಕರು ಬರುತ್ತಾರೆ. ತಾತನನ್ನು ಕೂರಿಸಿ ಮಾಡುತ್ತಿದ್ದ ಮಣ್ಣಿನ ತಲೆಯಲ್ಲಿ ಗಡ್ಡದ ಎಡಭಾಗವಷ್ಟೇ ಆಗಿದೆ.

"ಎಡಗಡೆ ನೋಡ್ಕೊಂಡು ಬಲಗಡೆ ಮಾಡಿದ್ರೆ ಆಗಲ್ವೇನಮ್ಮ?" ಎಂದ ಕ್ಷೌರಿಕ.

"ಎರಡೂ ಕಡೆ ಒಂದೇ ಥರ ಇರೋ ಮುಖ ಈ ಊರಲ್ಲಿ ಒಂದು ತೋರ್ಸಿ ಮಾಮ."

ಅವನು ನಾಲಿಗೆ ಕಚ್ಚಿಕೊಂಡ. ಅಂಥ ಮುಖ ಅವನೂ ನೋಡಿರಲಿಲ್ಲ. ಹಮಾಲಿಯದರಂತೆ ಗದ್ದದ ಕೆಳಗೆ ಕವಲೊಡೆದು ಬಲಕ್ಕೆ ವಾಲುವ ಗಡ್ಡ ಊರಿನಲ್ಲಿ ಇನ್ನು ಒಂದೇ ಒಂದಿತ್ತು. ಅದು ಹಿಂದಿನ ಬೀದಿಯ ದರ್ಜಿಯದು. ದರ್ಜಿ ಕ್ಷೌರಿಕನ ಹೆಂಡತಿಯ ಖಾಸಾ ತಮ್ಮ. ಯಾವ ಕಾಲದಲ್ಲೋ ಮದುವೆಮನೆಯೊಂದರಲ್ಲಿ ಹತ್ತು ಜನರೆದುರು, "ನಮ್ಮ ಭಾಮೈದ ಹೊಲಿದ ಕೋಟು ದಿಂಬಿನ ಚೀಲದ ಹಾಗಿದೆ," ಎಂದು ಕ್ಷೌರಿಕ ನಗೆಯಾಡಿದ್ದ. ನಿನ್ನ ಕೈ ಇನ್ನು ನನ್ನ ಗದ್ದ ಮುಟ್ಟಕೂಡದು ಎಂದು ಎದ್ದುಹೋದ ದರ್ಜಿ ಗಡ್ಡ ಬಿಟ್ಟ, ಮಾತೂ ಬಿಟ್ಟ. ಅಂದಿನಿಂದ ಹೆಂಡತಿ ತವರಿನ ಸುದ್ದಿ ಎತ್ತುವಾಗೆಲ್ಲ ಗಂಡನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸುತ್ತಿದ್ದಳು.

ಹುಡುಗಿ ಮೂಗೊರೆಸಿಕೊಂಡಾಗ ಕೆನ್ನೆಗೆಲ್ಲ ಮಣ್ಣಾಯಿತು. ಕ್ಷೌರಿಕ ಟವೆಲ್ಲನ್ನು ಅವಳ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿ ಹೊರಟ.

ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. ತಲೆಯೆತ್ತಲಿಲ್ಲ. ಕ್ಷೌರಿಕ ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ತಪ್ಪು ನಂದು. ಆ ಕೂಸಿನ ಪರೀಕ್ಷೆ. ನನಗೋಸ್ಕರ ಬೇಡ, ಅವಳಿಗೋಸ್ಕರ ನಿನ್ನ ಗಡ್ಡ ಬೇಕಾಗಿದೆ," ಎಂದ.

ಹೊಲಿಗೆ ಯಂತ್ರ ಒಮ್ಮೆ ಕಟಕಟ ಎಂದು ನಿಂತಿತು.

"ಇಡೀ ಊರು ಹೋಗಿ ಕೂತು ಬಂತು. ನನ್ನನ್ನ ಕರೆಯೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದು ದರ್ಜಿ ಗೊಣಗಿದ. ಆಮೇಲೆ ಕನ್ನಡಿಯ ಮುಂದೆ ನಿಂತು ಗಡ್ಡ ಬಾಚಿಕೊಂಡ.

ಕಾಲೇಜಿನ ಎತ್ತರದ ಕೋಣೆಯಲ್ಲಿ ಹುಡುಗಿ ಎರಡು ಸ್ಟೂಲು ಹಾಕಿದಳು, ಒಂದರ ಮೇಲೆ ಹಣೆ, ಕಣ್ಣುಗಳಿಗಾಗಿ ಹಮಾಲಿ, ಇನ್ನೊಂದರ ಮೇಲೆ ಗಡ್ಡಕ್ಕಾಗಿ ದರ್ಜಿ. ಕಿಟಕಿಯ ಬೆಳಕು ಗದ್ದಕ್ಕೆ ಸಾಲದೆ ಹೋದಾಗ ಕ್ಷೌರಿಕ ಅಂಗಡಿಯ ಕೈಗನ್ನಡಿ ತಂದು, ಭಾಮೈದನ ಎದುರಿಗೇ ಕೂತು, ಬಿಸಿಲನ್ನು ಹಿಡಿದು ಅಲ್ಲಿಗೆ ಬಿಟ್ಟ. ಕೂತವರು ಮಾತಾಡುವಂತಿಲ್ಲ, ಅಲುಗುವಂತಿಲ್ಲ, ಮುಖ ತಿರುಗಿಸುವಂತಿಲ್ಲ. ನೋಡುವುದೊಂದೇ ಕೆಲಸ. ಎಷ್ಟೋ ವರ್ಷಗಳ ಮೇಲೆ ಕ್ಷೌರಿಕ ಆ ಮುಖವನ್ನು ನೋಡಿದ. ಕಣ್ಣು ಥೇಟ್ ತನ್ನ ಹೆಂಡತಿಯದು. ಹುಬ್ಬು ಯಾವಾಗಲೋ ನರೆತಿತ್ತು. ಕಿರುಗಣ್ಣಿನ ಸುತ್ತ ಸೂಜಿ ನೋಡಿ ನೋಡಿ ಬಿದ್ದ ಗೆರೆಗಳು. ಅವನು ಹಿಡಿದ ಬೆಳಕು ಒಂದೆರಡು ಸಲ ಗದ್ದ ಬಿಟ್ಟು ಆ ಕಣ್ಣಿನತ್ತ ಜಾರಿತು. ಹುಡುಗಿಗೆ ಕಂಡಿತು. ಅದು ಮರಳಿ ಬರುವವರೆಗೆ ಕೈಯ ಮಣ್ಣನ್ನು ನಾದುತ್ತ ಕಾದಳು.

ಸೋಮವಾರ ಆ ತಲೆಯನ್ನು ನೋಡಲು ಬೀದಿಗೆ ಬೀದಿಯೇ ಬಂತು. ಪರೀಕ್ಷಕರು ಹುಡುಗಿಯ ಬೆನ್ನು ತಟ್ಟಿದರು. ಹಮಾಲಿಯ ಹೆಂಡತಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಒಂದು ಸುತ್ತು ಬಂದು, "ಮುಖ ನಮ್ಮೋರದ್ದೇ. ಗಡ್ಡ ಮಾತ್ರ ಬಾಚ್ಕೊಂಡು ಬಂದಿದಾರೆ, ಮನೇಲಿ ಎಂದೂ ಬಾಚಿದ್ದಿಲ್ಲ," ಎಂದಳು.

ಮರುದಿನ ಬೆಳಗ್ಗೆ ಕ್ಷೌರಿಕ ಅಂಗಡಿ ಗುಡಿಸುತ್ತಿರುವಾಗ ದರ್ಜಿ ಒಳಗೆ ಬಂದ. ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೊರಗಿಸಿ ಗದ್ದ ಎತ್ತಿದ. ಕ್ಷೌರಿಕ ಬಿಳಿ ಬಟ್ಟೆ ಹೊದಿಸಿದ. ಕತ್ತರಿ ಹಿಡಿದ. ಏನೇನೋ ಹೇಳಬೇಕೆಂದುಕೊಂಡ. ಕೊನೆಗೆ ಬಾಯಿಗೆ ಬಂದದ್ದು ಅಂಗಡಿಯ ನಿಯಮ.

"ಕಾಲೇಜಿಗೆ ಕೂತಿದ್ದೀಯಾ?"

"ಕೂತಾಯ್ತು ಭಾವ," ಎಂದ ದರ್ಜಿ, ಕಣ್ಣು ಮುಚ್ಚಿಕೊಂಡು. "ಅದು ಅಲ್ಲಿರುತ್ತೆ. ಇದನ್ನ ತೆಗೀರಿ."